ಹಿರಿಯರ ಹತ್ರ ಅವರ ಕೆಲಸದ ಬಗ್ಗೆ ಕೇಳ್ರಪ್ಪಾ

ಮಾನ್ಯ ಸಂಪಾದಕರೇ,

ಕಾಫಿಗೆ ಒಳ್ಳೆ ರೇಟು ಸಿಗೋಕೆ ಶುರುವಾದ್ಮೇಲೆ ನಮ್ಮ ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆ ಬೆಂಗಳೂರಿನ ಕೆಲ್ಸ ಬಿಟ್ಟು ಅಪ್ಪನ ತೋಟ ನೋಡ್ಕೊಳ್ಳೋಕೆ ವಾಪಸ್ ಬರ್ತಿರೋ ಹುಡುಗ್ರು ಹುಡುಗೀರು ಜಾಸ್ತಿ ಆಗಿದ್ದಾರೆ, ನಾನೂ ಅವರಲ್ಲಿ ಒಬ್ಬ. ಬಂದೋರಿಗೆ ಕಲಿಯೋ ಆಸೆ ಇದೆ. ಯೂಟ್ಯೂಬ್ ನೋಡ್ತಾರೆ, ವಾಟ್ಸಾಪ್ ಗ್ರೂಪಲ್ಲಿ ಕೇಳ್ತಾರೆ, ಲೀಡರ್‌ಶಿಪ್ಪು ಪರ್ಸನಾಲಿಟಿ ಡೆವಲಪ್‌ಮೆಂಟು ಅಂತ ದುಡ್ಡು ಕೊಟ್ಟು ವರ್ಕ್‌ಶಾಪಿಗೂ ಹೋಗಿ ಬರ್ತಾರೆ, ಅದ್ಯಾವುದನ್ನೂ ನಾನು ತಪ್ಪು ಅನ್ನಲ್ಲ. ಆದ್ರೆ ಅದೇ ತೋಟದಲ್ಲಿ ಜೀವಮಾನ ಪೂರ್ತಿ ಮರಗಸಿ, ಅಂದ್ರೆ ನೆರಳಿನ ಮರಗಳ ಕೊಂಬೆ ಕಡಿಯೋ ಕೆಲ್ಸ, ಮಾಡಿಸಿದ ಮೇಸ್ತ್ರಿ ಲೈನ್ ಮನೆ (ತೋಟದ ಆಳುಗಳ ಮನೆ) ಜಗಲಿ ಮೇಲೆ ಕೂತಿರ್ತಾರೆ, ಅವರ ಪಕ್ಕ ಹೋಗಿ ಒಂದು ಗಂಟೆ ಕೂರೋರು ಕಮ್ಮಿ. ಇದು ನನಗೆ ತುಂಬಾ ಸಂಕಟ ಆಗೋ ವಿಷಯ, ಅದಕ್ಕೇ ಈ ಪತ್ರ.

ಹಿರಿಯರ ಹತ್ರ ಕಲೀಬೇಕು ಅಂತ ಎಲ್ಲರೂ ಹೇಳ್ತಾರೆ, ಹೆಂಗೆ ಅಂತ ಯಾರೂ ಹೇಳಲ್ಲ. "ಅಜ್ಜಾ, ಏನಾದ್ರೂ ಬುದ್ಧಿ ಮಾತು ಹೇಳಿ" ಅಂದ್ರೆ ಅವರೂ ಏನು ಹೇಳ್ತಾರೆ ಪಾಪ, "ಚೆನ್ನಾಗಿರಪ್ಪ, ದುಡುಕಬೇಡ, ಸಾಲ ಮಾಡ್ಬೇಡ" ಅಂತಾರೆ, ಅಲ್ಲಿಗೆ ಮುಗೀತು. ಅದೇ ಅಜ್ಜನ ಹತ್ರ "ಬೋರರ್ ಜೋರಾಗಿ ಬಿದ್ದ ವರ್ಷ ನೀವು ಏನು ಮಾಡಿದ್ರಿ" ಅಂತ, ಅಂದ್ರೆ ಕಾಫಿ ಗಿಡದ ಕಾಂಡ ಕೊರೆಯೋ ಹುಳದ ಬಗ್ಗೆ, ಕೇಳಿ ನೋಡಿ, ಮಧ್ಯಾಹ್ನದ ಊಟ ತಣ್ಣಗಾಗೋವರೆಗೂ ಮಾತಾಡ್ತಾರೆ. ಎಲೆ ಹಳದಿ ಆಗೋವರೆಗೂ ಕಾಯಬಾರದು, ಕಾಂಡದ ಮೇಲೆ ಕೈ ಆಡಿಸಿದ್ರೆ ಉಬ್ಬಿದ ಗೆರೆ ಸಿಗುತ್ತೆ, ಅಂಥ ಗಿಡ ಕಿತ್ತು ಸುಡಬೇಕು, ಎಷ್ಟೇ ಹೊಟ್ಟೆ ಉರಿದ್ರೂ ಸುಡಬೇಕು, ಒಂದು ಗಿಡ ಉಳಿಸ್ಕೊಳ್ಳೋಕೆ ಹೋಗಿ ಪಕ್ಕದ ಸಾಲು ಕಳ್ಕೋಬಾರದು ಅಂತೆಲ್ಲ ಬರುತ್ತೆ. ಬಾಳೆಹೊನ್ನೂರಿನಲ್ಲಿ 1925ರಿಂದ ಇರೋ ಕಾಫಿ ಸಂಶೋಧನಾ ಕೇಂದ್ರದೋರು ಇದರ ಜೊತೆ ಇನ್ನೊಂದು ಹೇಳ್ತಾರೆ, ಬಿಸಿಲು ಬೀಳೋ ಕಾಂಡಕ್ಕೇ ಬೋರರ್ ಜಾಸ್ತಿ ಅಂತ, ಅದಕ್ಕೆ ನೆರಳು ತುಂಬಾ ತೆಗೀಬೇಡಿ ಅಂತ. ವಿಜ್ಞಾನಿಗಳದ್ದು ಓದಿದ್ರೆ ಕಾರಣ ತಿಳಿಯುತ್ತೆ, ಯಾವ ಮರದ ಯಾವ ಕೊಂಬೆ ಕಡಿದ್ರೆ ಎಲ್ಲಿ ಬಿಸಿಲು ಬೀಳುತ್ತೆ ಅನ್ನೋದು ಮಾತ್ರ ಆ ಮೇಸ್ತ್ರಿ ಕಣ್ಣಲ್ಲೇ ಇರೋದು.

ಇನ್ನು ಕಾಫಿ ಗಿಡದ ಕಸಿ ಕೆಲಸ, ಅಂದ್ರೆ ಬೇಡದ ರೆಂಬೆ ಕತ್ತರಿಸೋದು. ಮುಂದಿನ ವರ್ಷ ಯಾವ ರೆಂಬೆಲಿ ಕಾಯಿ ಕಟ್ಟುತ್ತೆ ಅಂತ ಗಿಡ ನೋಡಿದ ತಕ್ಷಣ ಹೇಳೋ ಹೆಂಗಸರು ಪ್ರತಿ ಊರಲ್ಲೂ ಇದ್ದಾರೆ, ಎಲ್ಲರಿಗೂ ವಯಸ್ಸಾಗಿದೆ, ಮಂಡಿ ನೋವು, ತೋಟಕ್ಕೆ ಬರೋದು ನಿಲ್ಲಿಸಿದ್ದಾರೆ. ಈಗ ಅಸ್ಸಾಂ ಕಡೆಯಿಂದ ಬಂದ ಹುಡುಗ್ರು ಕೆಲಸ ಮಾಡ್ತಿದ್ದಾರೆ, ಕಷ್ಟಜೀವಿಗಳು, ಆದ್ರೆ ಅವರಿಗೆ ಹೇಳಿಕೊಡೋರು ಬೇಕಲ್ಲ. ಆ ಅಜ್ಜೀರನ್ನ ಒಂದು ಕುರ್ಚಿ ಹಾಕಿ ತೋಟದಲ್ಲಿ ಕೂರಿಸಿ, ಕೂಲಿ ಕೊಟ್ಟು, ಇವರಿಗೆ ಹೇಳಿಕೊಡಿ ಅಂತ ಕೇಳಿದ್ರೆ ಎಷ್ಟು ಖುಷಿಯಿಂದ ಬರ್ತಾರೆ ಗೊತ್ತಾ. ದಯವಿಟ್ಟು ಕೂಲಿ ಕೊಟ್ಟೇ ಕರೀರಿ, ಅನುಭವ ಅಂದ್ರೆ ಪುಕ್ಕಟೆ ಅಂತ ತಿಳ್ಕೋಬಾರದು.

ನಮ್ಮ ಕಡೆ ಹಳೇ ಬೆಳೆಗಾರರ ಮನೇಲಿ ಮಳೆ ಬರೆದಿಡೋ ಪುಸ್ತಕ ಇರುತ್ತೆ, ಇಂಚು ಸೆಂಟು (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ದಿನಾ ಬೆಳಗ್ಗೆ ಬರೀತಾರೆ, ಕೆಲವು ಮನೇಲಿ ಅಪ್ಪ ಬರೆದಿದ್ದು, ಅವರಪ್ಪ ಬರೆದಿದ್ದು ಎಲ್ಲಾ ಜೋಡಿಸಿಟ್ಟಿದ್ದಾರೆ. ಕಾಫಿ ಹೂ ಅರಳೋಕೆ ಬೇಕಾದ ಹೂಮಳೆ ಒಂದು ಇಂಚು ಬಂದ್ರೆ ನೆಮ್ಮದಿ, ಎಂಟ್ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತೆ, ಮಳೆ ಸಾಕಾಗದೇ ಹೋದ್ರೆ ಮೊಗ್ಗು ಅರ್ಧಕ್ಕೇ ನಿಲ್ಲುತ್ತೆ, ಆಗ ಸ್ಪ್ರಿಂಕ್ಲರ್ ಹಾಕ್ಬೇಕಾ ಇನ್ನೆರಡು ದಿನ ಕಾಯಬೇಕಾ ಅನ್ನೋ ಟೆನ್ಷನ್ನು. ಅಂಥ ಹೊತ್ತಲ್ಲಿ ನಮ್ಮ ಊರಿನ ಹಿರಿಯರೊಬ್ಬರು ಯಾರ ಮಾತೂ ಕೇಳದೆ ಹಳೇ ಪುಸ್ತಕ ತೆಗೆದು ಹಿಂದಿನ ವರ್ಷಗಳಲ್ಲಿ ಏನಾಗಿತ್ತು ಅಂತ ನೋಡಿ ಆಮೇಲೆ ಮೋಟರ್ ಸ್ವಿಚ್ಚಿಗೆ ಕೈ ಹಾಕ್ತಾರೆ. ನಾನು ಐಟಿ ಕಂಪನಿಲಿ ಇದ್ದಾಗ ಡೇಟಾ ನೋಡಿ ಡಿಸಿಷನ್ ತಗೊಳ್ಳಿ ಅಂತ ದೊಡ್ಡ ಟ್ರೈನಿಂಗ್ ಕೊಡ್ತಿದ್ರು, ಅದನ್ನ ಜೀವನದಲ್ಲಿ ನಿಜವಾಗ್ಲೂ ಪಾಲಿಸೋರನ್ನ ನಾನು ನೋಡಿದ್ದು ಈ ಊರಿನ ಜಗಲಿ ಮೇಲೆ. ಯಾವ ಕೆಲ್ಸದಲ್ಲಿದ್ರೂ ದಿನಾ ಒಂದು ಸಾಲು ಬರೆದಿಡಿ ಅಂತ ಗೆಳೆಯರಿಗೆ ನಾನು ಹೇಳೋದು ಅವರನ್ನ ನೋಡಿಯೇ.

ದುಡ್ಡಿನ ವಿಷಯಕ್ಕೆ ಬಂದ್ರೆ ಇವತ್ತಿನ ಹುಡುಗ್ರು ಹಿರಿಯರ ಹತ್ರ ಮೊದಲು ಕೇಳಬೇಕಾದ್ದೇ ಇದು. ಅವರು ಪೂಲ್ ಕಾಲ ನೋಡಿದೋರು, ಕಾಫಿ ಎಲ್ಲಾ ಕಾಫಿ ಬೋರ್ಡಿಗೇ ಕೊಡಬೇಕಿತ್ತು, ದುಡ್ಡು ಕಂತಲ್ಲಿ ಬರ್ತಿತ್ತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಬೆಳೆ ಹೋಯ್ತು, ಇಲ್ಲಿ ರೇಟು ಏರ್ತು, ಅದೇ ಹೊತ್ತಿಗೆ ಇಲ್ಲಿ ಮಾರೋ ಸ್ವಾತಂತ್ರ್ಯನೂ ಸಿಗ್ತಾ ಬಂತು, ಕೈ ತುಂಬಾ ದುಡ್ಡು. ಆಗ ಜೀಪು ತಗೊಂಡೋರು, ಸಾಲ ಮಾಡಿ ಪಕ್ಕದ ತೋಟ ಕೊಂಡೋರು ಎಷ್ಟೋ ಜನ. ಆಮೇಲೆ ವಿಯೆಟ್ನಾಂ ಕಾಫಿ ಬಂತು, 2001-02ರ ಹೊತ್ತಿಗೆ ರೇಟು ಪಾತಾಳಕ್ಕೆ ಬಿತ್ತು, ಕುಯ್ಲಿನ ಕೂಲಿಗೂ ಸಾಲದೆ ಒಡವೆ ಅಡ ಇಟ್ಟ ಮನೆಗಳಿವೆ. ಆ ಎರಡೂ ಕಾಲ ದಾಟಿ ತೋಟ ಉಳಿಸ್ಕೊಂಡೋರು ಇನ್ನೂ ನಮ್ಮ ನಡುವೆ ಇದ್ದಾರೆ, ಹೆಂಗೆ ಉಳಿಸಿದ್ರಿ ಅಂತ ಕೇಳಿದ್ರೆ ಮೆಣಸು, ಏಲಕ್ಕಿ, ಅಡಿಕೆ, ಎರಡು ಹಸು, ಹೆಂಡತಿ ಕಟ್ಟಿಟ್ಟ ಚೀಟಿ ದುಡ್ಡು ಅಂತ ಎಲ್ಲಾ ಬಿಡಿಸಿ ಹೇಳ್ತಾರೆ. ಈಗ ರೇಟು ಮೇಲಿದೆ, ಶೋರೂಮಲ್ಲಿ ಕಾರು ಬುಕ್ ಮಾಡೋ ಮುಂಚೆ ಒಂದ್ಸಲ ಅವರ ಮನೆಗೆ ಹೋಗಿ ಬನ್ನಿ ಅಂತ ನನ್ನ ಓರಗೆಯವರಿಗೆ ಕೈ ಮುಗಿದು ಕೇಳ್ಕೋತೀನಿ.

ತೋಟ ಇಲ್ಲದೋರಿಗೂ ಕಲಿಯೋಕೆ ಬೇಕಾದಷ್ಟಿದೆ. ನನಗೆ ಗೊತ್ತಿರೋ ರಿಟೈರ್ಡ್ ಎಸ್ಟೇಟ್ ರೈಟರ್ (ತೋಟದ ಲೆಕ್ಕ ಬರೆಯೋರು) ಒಬ್ಬರು ಚೆಕ್‌ರೋಲನ್ನ, ಅಂದ್ರೆ ಆಳುಗಳ ಹಾಜರಿ ಪುಸ್ತಕಾನ, ಒಂದು ದಿನಾನೂ ನಾಳೆಗೆ ಇಟ್ಟೋರಲ್ಲ, ಬಟವಾಡೆ ದಿನ ಆಳುಗಳು ಸಂತೆಗೆ ಹೊರಡೋ ಮುಂಚೆ ದುಡ್ಡು ಅವರ ಕೈಲಿ ಇರಲೇಬೇಕು ಅಂತ ಮಾಲೀಕರ ಹತ್ರಾನೇ ಜಗಳ ಆಡಿದೋರು, ಟೀಮ್ ನಡೆಸೋರಿಗೆ ಇದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ. ಚಾರ್ಮಾಡಿ ಘಾಟಿಲಿ ಬಸ್ ಓಡಿಸಿದ ಡ್ರೈವರ್ ಒಬ್ಬರು ಹೇಳ್ತಿದ್ರು, ಹತ್ತೋಕೆ ಯಾವ ಗೇರು ಬೇಕೋ ಇಳಿಯೋಕೂ ಅದೇ ಗೇರು, ಮಂಜು ಬಿದ್ರೆ ಹಿಂದಿನೋನು ಎಷ್ಟೇ ಹಾರನ್ ಹೊಡೀಲಿ ನಮ್ಮ ಸ್ಪೀಡು ನಮಗೆ ಅಂತ.

ಮನೆ ಜಗಳ, ಬೇಲಿ ಜಗಳ ಬಿಡಿಸೋ ಅಜ್ಜ ಒಬ್ಬರಿದ್ರು ನಮ್ಮೂರಲ್ಲಿ, ಮೊದಲ ದಿನ ಇಬ್ಬರನ್ನೂ ಎದುರುಬದುರು ಕೂರಿಸ್ತಾನೇ ಇರಲಿಲ್ಲ, ಒಬ್ಬೊಬ್ಬರ ಮನೆಗೆ ತಾವೇ ಹೋಗಿ ಕಾಫಿ ಕುಡಿದು ಪೂರ್ತಿ ಕೇಳಿಸ್ಕೊಂಡು ಏನೂ ಹೇಳದೆ ಎದ್ದು ಬರೋರು. ಅರ್ಧ ಸಿಟ್ಟು ಅಲ್ಲೇ ಇಳಿಯೋದು. ನಾನು ಈಗ ತೋಟದಲ್ಲಿ ಆಳುಗಳ ನಡುವೆ ಮಾತು ಬಂದ್ರೆ ಹಂಗೇ ಮಾಡ್ತೀನಿ.

ಹಿರಿಯರು ಹೇಳಿದ್ದೆಲ್ಲಾ ಸರಿ ಅಂತ ನಾನು ಹೇಳ್ತಿಲ್ಲ. ಲೈನ್ ಮನೆಯವರಿಗೆ ಬೇರೆ ಲೋಟ ಇಡೋ ಪದ್ಧತಿನೂ ಹಿರಿಯರ ಕಾಲದ್ದೇ, ಹೆಣ್ಮಕ್ಕಳಿಗೆ ಯಾಕೆ ಓದು, ತೋಟ ಯಾಕೆ ಅಂದೋರೂ ಹಿರಿಯರೇ. ಅದನ್ನೆಲ್ಲ ಮುಖಕ್ಕೇ ಹೇಳಿ ಬಿಡಬೇಕು, ನಾನು ಮನೇಲಿ ಹೇಳ್ತೀನಿ. ಆದ್ರೆ ಅದೊಂದು ಕಾರಣಕ್ಕೆ ಅವರ ಕೈಲಿರೋ ಕೆಲ್ಸದ ತಿಳುವಳಿಕೇನ ಬಿಟ್ರೆ ನಷ್ಟ ನಮಗೇ. ಇನ್ನೊಂದು ಮಾತು, ಹಿರಿಯರು ಅಂದಾಗ ಬರೀ ಸಾಹುಕಾರರು, ಮೇಷ್ಟ್ರು, ರಿಟೈರ್ಡ್ ಆಫೀಸರುಗಳು ನೆನಪಿಗೆ ಬರ್ತಾರೆ, ಕಣದಲ್ಲಿ ಕಾಫಿ ಹರಡಿದ ಅಜ್ಜಿ ಬರೋದೇ ಇಲ್ಲ. ಅವರಿಗೂ ಮೈಕು ಸಿಗಬೇಕು.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ನಮ್ಮ ಜಿಲ್ಲಾ ಪುಟದಲ್ಲಿ ವಾರಕ್ಕೊಂದು ಸಲ ಒಬ್ಬ ಹಿರಿಯರು ತಮ್ಮ ಕೆಲಸ ಹೆಂಗೆ ಮಾಡ್ತಿದ್ರು ಅಂತ ಅವರ ಮಾತಲ್ಲೇ ಪ್ರಕಟಿಸಿ, ಸಾಧನೆ ಸನ್ಮಾನದ ಪಟ್ಟಿ ಬೇಡ, ಕೆಲ್ಸದ ವಿವರ ಸಾಕು. ಹಾಗೇ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರ ಆಗಿವೆ, ಅಲ್ಲಿ ತಿಂಗಳಿಗೊಂದು ಸಂಜೆ ಹಿರಿಯರ ಜೊತೆ ಕೂತು ಮಾತಾಡೋಕೆ, ಮೊಬೈಲಲ್ಲಿ ರೆಕಾರ್ಡ್ ಮಾಡಿ ಇಡೋಕೆ ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲಾ ಪಂಚಾಯಿತಿಯವರು ಅವಕಾಶ ಮಾಡಿಕೊಡಲಿ. ಮಳೆಗಾಲದಲ್ಲಿ ಶುರು ಮಾಡಿದ್ರೆ ಒಳ್ಳೇದು, ಜೋರು ಮಳೇಲಿ ತೋಟದ ಕೆಲ್ಸ ಕಮ್ಮಿ, ಎಲ್ಲರೂ ಮನೇಲೇ ಇರ್ತಾರೆ. ನಮ್ಮ ಪಂಚಾಯಿತಿ ಮಟ್ಟಿಗೆ ಹಿರಿಯರನ್ನ ಜೀಪಲ್ಲಿ ಕರ್ಕೊಂಡು ಬಂದು ವಾಪಸ್ ಮನೆ ಬಾಗಿಲಿಗೆ ಬಿಡೋ ಜವಾಬ್ದಾರಿ ನಾವು ಹುಡುಗ್ರು ತಗೋತೀವಿ.

ಇತಿ,
ಓದುಗ, ಮೂಡಿಗೆರೆ ತಾಲ್ಲೂಕು
ಚಿಕ್ಕಮಗಳೂರು ಜಿಲ್ಲೆ