ಸೇವೆಗೆ ಹೊರಟ ಮಗಳಿಗೆ

ಪ್ರಭುವಿನಲ್ಲಿ ಪ್ರೀತಿಯ ಮಗಳೇ,

ನಿನ್ನ ಪತ್ರ ಬಂತು. ನಿನ್ನ ಪಾದ್ರಿ ದೀಕ್ಷೆಗೆ ದಿನ ಗೊತ್ತಾಗಿದೆ ಅಂತ ಓದಿ ಮನಸ್ಸು ತುಂಬಿ ಬಂತು. "ಹೆಂಗಸರಿಗೆ ಯಾಕೆ ಪ್ರಸಂಗ ಪೀಠ ಅನ್ನುವವರಿಗೆ ಏನು ಹೇಳಲಿ ದೊಡ್ಡಮ್ಮ?" ಅಂತ ಕೇಳಿದ್ದೀಯ. ಅವರು ತೋರಿಸುವ ವಾಕ್ಯಗಳನ್ನು ಪಕ್ಕಕ್ಕೆ ತಳ್ಳಬೇಡ. ಹೆಂಗಸು ಉಪದೇಶ ಮಾಡಬಾರದು ಅನ್ನುವ ಬೈಬಲ್ ವಾಕ್ಯ 1 ತಿಮೊಥೆಯ 2:12 ಅನ್ನು ಅವರಿಗಿಂತ ಜಾಸ್ತಿ ಸಲ ನೀನು ಓದಿರಬೇಕು. ಸಭೆಯಲ್ಲಿ ಸ್ತ್ರೀಯರು ಮೌನವಾಗಿರಲಿ ಅಂತ ಪೌಲ ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ 14ನೇ ಅಧ್ಯಾಯ ತೆಗೆದರೆ, ಅದೇ ಪತ್ರದ 11ನೇ ಅಧ್ಯಾಯದಲ್ಲಿ ಸ್ತ್ರೀಯರು ಪ್ರಾರ್ಥಿಸುವ, ಪ್ರವಾದಿಸುವ ಮಾತೂ ಇದೆ ಅಂತ ಸಮಾಧಾನವಾಗಿ ತೋರಿಸು. ಅಷ್ಟು ಸಾಕು. ವಾದದಲ್ಲೇ ವಯಸ್ಸು ಕಳೆಯಬೇಡ.

ನಿಜ ಹೇಳಬೇಕೆಂದರೆ, ವಿರೋಧಿಸುವವರಿಗಿಂತ ಇಷ್ಟಪಡುವವರೇ ನಿನ್ನ ಸಮಯ ಜಾಸ್ತಿ ತೆಗೆದುಕೊಳ್ಳುತ್ತಾರೆ. ಸಂಡೇ ಸ್ಕೂಲ್ ನೋಡಿಕೊಳ್ಳಿ, ಸ್ತ್ರೀಯರ ಕೂಟ ನಡೆಸಿ, ಊಟದ ಏರ್ಪಾಡು ನಿಮ್ಮದೇ ಅನ್ನುತ್ತಾರೆ. ಎಲ್ಲಾ ಒಳ್ಳೇ ಕೆಲಸಗಳೇ, ಮಾಡು. ಆದರೆ "ಈ ವಾರ ವಾಕ್ಯ ಓದೋಕೆ ಸಮಯ ಸಿಕ್ಕಿತಾ ಅಮ್ಮಾ?" ಅಂತ ಯಾರೂ ಕೇಳುವುದಿಲ್ಲ. ಅದನ್ನು ನೀನೇ ಕಾಯ್ದುಕೊಳ್ಳಬೇಕು. ಬಾಗಿಲು ಹಾಕಿಕೊಂಡು ಓದಲು ಕೂತರೆ ಅದು ಸ್ವಾರ್ಥ ಅಂದುಕೊಳ್ಳಬೇಡ, ಅದೂ ಸೇವೆಯೇ.

ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಬರುವ ಪ್ರಿಸ್ಕಿಲ್ಲಳನ್ನು ನೋಡು. ಗಂಡನ ಜೊತೆ ಗುಡಾರ ಮಾಡುವ ಕಸುಬು ಅವಳದು. ಅಪೊಲ್ಲೋಸ ದೊಡ್ಡ ಮಾತುಗಾರ, ಶಾಸ್ತ್ರ ಬಲ್ಲವನು. ಆದರೆ ಯೋಹಾನನ ದೀಕ್ಷಾಸ್ನಾನ ಬಿಟ್ಟು ಬೇರೆ ಗೊತ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಅವನನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ತಿಳಿಸಿಕೊಟ್ಟರು. ಅಂಥವನನ್ನು ತಿದ್ದಬೇಕಾದರೆ ಅವಳು ಎಷ್ಟು ತಿಳಿದುಕೊಂಡಿರಬೇಕು, ಅಲ್ವಾ?

ರೋಗಿಗಳನ್ನು ನೋಡಲು ಹೋದಾಗ ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂರು. ನಿಂತುಕೊಂಡೇ ಪ್ರಾರ್ಥನೆ ಮಾಡಿದರೆ, ಹೊರಡುವ ಆತುರದಲ್ಲಿದ್ದೀಯ ಅಂತ ಮಲಗಿದವರಿಗೆ ಗೊತ್ತಾಗಿಬಿಡುತ್ತದೆ. ಒಂದೇ ಕೀರ್ತನೆ ಸಾಕು, ನಿಧಾನವಾಗಿ ಓದು.

ಗಂಡಸು ಪಾದ್ರಿಗಳಿಗೆ ಹೇಳಲಾಗದ್ದನ್ನು ಹೆಂಗಸರು ನಿನಗೆ ಹೇಳುತ್ತಾರೆ. ಹೊಡೆಯುವ ಗಂಡನ ಬಗ್ಗೆ ಒಬ್ಬಳು ಬಾಯಿ ಬಿಟ್ಟಾಗ "ಸಹಿಸಿಕೋ, ಪ್ರಾರ್ಥನೆ ಮಾಡು" ಅಂತ ವಾಪಸ್ ಕಳಿಸಬೇಡ. ಮೊದಲು ಅವಳೂ ಮಕ್ಕಳೂ ಇವತ್ತು ರಾತ್ರಿ ಎಲ್ಲಿ ಮಲಗುತ್ತಾರೆ ಅಂತ ಕೇಳು. ಅವಳು ಹೇಳಿದ್ದು ಹೆಸರು ಬದಲಾಯಿಸಿಕೊಂಡು ಸಹ ನಿನ್ನ ಪ್ರಸಂಗಕ್ಕೆ ಬರಬಾರದು. ಇದರಲ್ಲಿ ನಾನು ತುಂಬಾ ಕಟ್ಟುನಿಟ್ಟು.

ಪದವಿ ಬರಬಹುದು, ಹೋಗಬಹುದು. ಫ್ಲಾರೆನ್ಸ್ ಲೀ ಟಿಮ್-ಓಯ್ ಅವರ ವಿಷಯ ಓದು. ಎರಡನೇ ಮಹಾಯುದ್ಧದ ನಡುವೆ ಚೀನಾ ಕರಾವಳಿಯ ಮಕಾವ್‌ಗೆ ಪಾದ್ರಿಗಳು ಹೋಗಲಾಗದೆ ಇದ್ದಾಗ, 1944ರಲ್ಲಿ ಬಿಷಪ್ ಅವರಿಗೆ ದೀಕ್ಷೆ ಕೊಟ್ಟರು. ಆಂಗ್ಲಿಕನ್ ಸಭೆಯ ಮೊದಲ ಮಹಿಳಾ ಪಾದ್ರಿ ಅವರು. ಯುದ್ಧ ಮುಗಿದ ಮೇಲೆ ಗದ್ದಲ ಎದ್ದಿತು. ಬಿಷಪ್‌ಗೆ ತೊಂದರೆ ಆಗಬಾರದು ಅಂತ 1946ರಲ್ಲಿ ಪಾದ್ರಿಯಾಗಿ ಸೇವೆ ಮಾಡುವ ಲೈಸೆನ್ಸನ್ನು ಅವರು ಬಿಟ್ಟುಕೊಟ್ಟರು, ದೀಕ್ಷೆಯನ್ನು ಬಿಡಲಿಲ್ಲ. ಪೀಠ ಸಿಗದ ವರ್ಷಗಳಲ್ಲೂ ಕರೆ ಉಳಿಯುತ್ತದೆ ಅಂತ ನಂಬುವುದಕ್ಕೆ ನನಗೆ ಅವರ ಬದುಕು ತುಂಬಾ ಸಹಾಯ ಮಾಡಿದೆ.

ವಾರಕ್ಕೆ ಒಂದು ದಿನ ರಜೆ ತೆಗೆದುಕೋ. ಸಂಬಳದ ಮಾತನ್ನು ಸಂಕೋಚ ಇಲ್ಲದೆ ಆಡು. ಮೊದಲ ಪ್ರಸಂಗಕ್ಕೆ ಯಾವ ವಾಕ್ಯ ಆರಿಸಿದ್ದೀಯ ಅಂತ ಬರಿ, ನಾನೂ ಅದನ್ನೇ ಓದುತ್ತಾ ನಿನಗಾಗಿ ಪ್ರಾರ್ಥಿಸುತ್ತೇನೆ.

ಪ್ರೀತಿಯಿಂದ,
ನಿನ್ನ ದೊಡ್ಡಮ್ಮ