ಬಣ್ಣಕ್ಕಿಂತ ಮೊದಲು ಸೂರು: ನಮ್ಮ ಉಗಿ ಇಂಜಿನ್‌ಗಾಗಿ ಒಂದು ಮನವಿ

ದಾವಣಗೆರೆಯ ಬಂಧುಗಳೇ,

ನಮ್ಮ ಟ್ರಸ್ಟಿನ ಅಂಗಳದಲ್ಲಿರುವ ವೈಪಿ ಮಾದರಿಯ ಉಗಿ ರೈಲು ಇಂಜಿನ್ ನಿಮಗೆ ಗೊತ್ತೇ ಇದೆ. ಮಕ್ಕಳನ್ನು ಕರೆತಂದು ಅದರ ಮುಂದೆ ಫೋಟೊ ತೆಗೆಸಿದವರೂ ನಿಮ್ಮಲ್ಲಿದ್ದೀರಿ. ಮುಂಗಾರು ಶುರುವಾಗುವ ಮೊದಲು ಅದಕ್ಕೊಂದು ತಗಡಿನ ಸೂರು ಹಾಕಿಸಬೇಕು. ಅದಕ್ಕೆ ನಿಮ್ಮ ನೆರವು ಬೇಕು.

"ನೋಡಲು ಚೆನ್ನಾಗೇ ಇದೆಯಲ್ಲ, ಇನ್ನೊಂದು ಕೋಟ್ ಬಣ್ಣ ಹೊಡೆಸಿದರೆ ಸಾಲದಾ?" ಎಂದು ಸುಮಾರು ಜನ ಕೇಳುತ್ತಾರೆ. ಸಾಲದು. ಉಗಿ ಇಂಜಿನ್ ಜಾಸ್ತಿ ಹಾಳಾಗುವುದು ಒಳಗೆ. ಬಾಯ್ಲರ್‌ಗೆ ಕಾವು ಆರದಂತೆ ಒಂದು ಹೊದಿಕೆ, ಅದರ ಮೇಲೆ ತೆಳು ತಗಡು ಇರುತ್ತದೆ. ತಗಡಿನ ಸಂದಿಯಿಂದ ಇಳಿದ ಮಳೆನೀರು ಅಲ್ಲೇ ನಿಂತು ಉಕ್ಕನ್ನು ತಿನ್ನುತ್ತದೆ. ಚಿಮಣಿಯಿಂದ ಬಿದ್ದ ನೀರು ಅದರ ಕೆಳಗಿನ ಹೊಗೆ ಪೆಟ್ಟಿಗೆ, ಅಂದರೆ ಸ್ಮೋಕ್‌ಬಾಕ್ಸ್ ತಳದ ಹಳೇ ಬೂದಿಯ ಜೊತೆ ಸೇರುತ್ತದೆ. ಕಲ್ಲಿದ್ದಲಿನ ಮಸಿ ಬೂದಿಯಲ್ಲಿ ಗಂಧಕದ ಅಂಶ ಇರುತ್ತದೆ. ಅದಕ್ಕೆ ನೀರು ಬಿದ್ದರೆ ಆಮ್ಲವಾಗುತ್ತದೆ. ಮೊನ್ನೆ ಸ್ಮೋಕ್‌ಬಾಕ್ಸ್ ಬಾಗಿಲು ತೆಗೆಸಿ ನೋಡಿದೆವು. ತಳದ ಕಬ್ಬಿಣ ಚಿರೋಟಿಯ ಹಾಗೆ ಪದರ ಪದರವಾಗಿ ಕೈಗೆ ಬಂತು. ಇದರ ಮೇಲೆ ಬಣ್ಣ ಹೊಡೆದರೆ ತುಕ್ಕನ್ನು ಮುಚ್ಚಿಟ್ಟ ಹಾಗಷ್ಟೇ.

ವೈಪಿ ಎಂದರೆ ಮೀಟರ್ ಗೇಜಿನ, ಅಂದರೆ ಒಂದು ಮೀಟರ್ ಅಗಲದ ಹಳಿಯ ಪ್ಯಾಸೆಂಜರ್ ಇಂಜಿನ್. ಒಟ್ಟು 871 ತಯಾರಾದವು. ಮೊದಲನೆಯವು 1949ರಿಂದ ಹೊರದೇಶಗಳಿಂದ ಬಂದವು, ಆಮೇಲೆ ಜಮ್‌ಷೆಡ್‌ಪುರದ ಟೆಲ್ಕೊ ಕಾರ್ಖಾನೆಯೇ ಮಾಡಿಕೊಟ್ಟಿತು. ಮುಂದೆ ನಾಲ್ಕು ಸಣ್ಣ ಗಾಲಿ, ನಡುವೆ ಎಳೆಯುವ ಆರು ದೊಡ್ಡ ಗಾಲಿ, ಹಿಂದೆ ಎರಡು. ಒಬ್ಬ ಫೈರ್‌ಮನ್ ಓಲಾಡುವ ಗಾಡಿಯಲ್ಲಿ ನಿಂತು ಸಲಿಕೆ ಸಲಿಕೆ ಕಲ್ಲಿದ್ದಲು ಎಸೆಯುತ್ತಿದ್ದ. ಸುಮ್ನೆ ಎಸೆದರೆ ಆಗದು, ಬೆಂಕಿ ಎಲ್ಲ ಕಡೆ ಸಮನಾಗಿ ಹರಡಬೇಕು. ಕಣ್ಣು ಬಾಯ್ಲರ್ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಮೇಲೇ ಇರಬೇಕು. ನೀರು ತೀರಾ ಇಳಿದರೆ ಬೆಂಕಿ ಉರಿಯುವ ಫೈರ್‌ಬಾಕ್ಸಿನ ನೆತ್ತಿಯಲ್ಲಿರುವ ಸೀಸದ ಪ್ಲಗ್ ಕರಗಿ, ಉಗಿ ಬೆಂಕಿಯ ಮೇಲೆ ನುಗ್ಗುತ್ತದೆ. ಈ ದುಡಿಮೆಯನ್ನು ಮಕ್ಕಳಿಗೆ ಬಾಯಲ್ಲಿ ಎಷ್ಟು ಹೇಳಿದರೂ ಅರ್ಥವಾಗದು. ಆ ಸಲಿಕೆ ಕೈಗೆ ಕೊಟ್ಟು, ಫೈರ್‌ಬಾಕ್ಸ್ ಬಾಗಿಲು ತೆರೆದು ತೋರಿಸಿದರೆ ತಟ್ಟನೆ ಹೊಳೆಯುತ್ತದೆ. ಮೈಸೂರಿನಲ್ಲಿ 1979ರಿಂದ ರೈಲ್ವೆ ಮ್ಯೂಸಿಯಂ ಇದೆ, ನಿಜ. ಆದರೆ ನಮ್ಮೂರ ಮಕ್ಕಳು ಇದಕ್ಕಾಗಿ ಅಷ್ಟು ದೂರ ಯಾಕೆ ಹೋಗಬೇಕು?

ಇಂಜಿನ್ ಮತ್ತೆ ಓಡಿಸುತ್ತೇವೆ ಎಂದು ನಾವು ಹೇಳುತ್ತಿಲ್ಲ. ನಮ್ಮ ಹಳಿ 1990ರ ದಶಕದಲ್ಲೇ ಇನ್ನೂ ಅಗಲವಾದ ಬ್ರಾಡ್ ಗೇಜ್ ಆಯಿತು, ಇದರ ಗಾಲಿ ಅದರ ಮೇಲೆ ಕೂರುವುದೂ ಇಲ್ಲ. ಮೊದಲು ಸೂರು, ಆಮೇಲೆ ಬೂದಿ ತೆಗೆದು ತಳಕ್ಕೆ ಹೊಸ ತಗಡು, ಗಾಲಿ ರಾಡುಗಳಿಗೆ ಎಣ್ಣೆ ಗ್ರೀಸು. ಬಣ್ಣ ಕೊನೆಗೆ.

ನೂರು ರೂಪಾಯಿಯಾದರೂ ಸರಿ, ಒಂದು ಶೀಟಿನ ಖರ್ಚು ಹೊತ್ತರೂ ಸರಿ. ದುಡ್ಡು ಆಗದವರು ಕೆಲಸ ಕೊಡಿ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮುಂದೆ ದುಡಿದ ಹಿರಿಯರು ಈ ಭಾಗದಲ್ಲಿ ಇನ್ನೂ ಇದ್ದಾರೆ. ವೆಲ್ಡರ್‌ಗಳ ಪಕ್ಕ ನಿಂತು ಒಂದು ದಿನ ದಾರಿ ತೋರಿಸಿದರೂ ನಮಗೆ ದೊಡ್ಡ ದೇಣಿಗೆ. ಮನೆಯಲ್ಲಿ ಯಾರಾದರೂ ಡ್ರೈವರ್, ಫೈರ್‌ಮನ್ ಆಗಿದ್ದರೆ ಅವರ ಹಳೇ ಫೋಟೊ, ಲಾಂದ್ರ, ಡ್ಯೂಟಿ ಪುಸ್ತಕ ತನ್ನಿ. ನಕಲು ತೆಗೆದುಕೊಂಡು ವಾಪಸ್ ಕೊಡುತ್ತೇವೆ.

ಹಣವನ್ನು ಟ್ರಸ್ಟಿನ ಕಚೇರಿಯಲ್ಲೇ ಕೊಡಿ, ರಸೀದಿ ತಪ್ಪದೆ ಕೇಳಿ ಪಡೆಯಿರಿ. ಬಂದ ಹಣ, ಆದ ಖರ್ಚು ಎರಡನ್ನೂ ಪ್ರತಿ ತಿಂಗಳು ಕಚೇರಿಯ ಬೋರ್ಡಿಗೆ ಹಾಕುತ್ತೇವೆ.