‘ಫ್ರೀಜ್ ಮಾಡದ ತಾಜಾ ಕೋಳಿ’ ಎಂದು ಕರಗಿದ ಮಾಂಸ ಕಳುಹಿಸಿರುವ ಬಗ್ಗೆ ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಬೆಂಗಳೂರು

ಮಾನ್ಯರೇ,

ಕಳೆದ ಭಾನುವಾರ ನಿಮ್ಮ ಆ್ಯಪ್‌ನಿಂದ ತರಿಸಿದ ಎರಡು ಪ್ಯಾಕೆಟ್‌ಗಳ ಬಗ್ಗೆ ಈ ದೂರು. ಒಂದು ಚರ್ಮ ತೆಗೆದ ಅರ್ಧ ಕೆಜಿ ಕರಿ ಕಟ್, ಇನ್ನೊಂದು ಲೆಗ್ ಪೀಸ್. ಎರಡರ ಮೇಲೂ ‘ತಾಜಾ, ಒಮ್ಮೆಯೂ ಫ್ರೀಜ್ ಮಾಡಿಲ್ಲ’ ಎಂದು ಅಚ್ಚು ಹಾಕಿದ್ದೀರಿ. ಅದು ಸುಳ್ಳು.

ಲೆಗ್ ಪೀಸಿನಲ್ಲಿ ಮೂಳೆಯ ಪಕ್ಕದ ಮಾಂಸದೊಳಗೇ ಐಸ್ ಚೂರುಗಳಿದ್ದವು. 0ರಿಂದ 4 ಡಿಗ್ರಿಯಲ್ಲಿ ತಂಪಾಗಿಟ್ಟ ಕೋಳಿಯೊಳಗೆ ಐಸ್ ಕಟ್ಟುವುದಿಲ್ಲ. ಅದಕ್ಕೆ ಸೊನ್ನೆಗಿಂತ ಕೆಳಗಿಳಿಯಬೇಕು. ಅದೇ ಚೀಲದಲ್ಲಿ ಬಂದ ಕರಿ ಕಟ್‌ನ ಸ್ಥಿತಿ ತದ್ವಿರುದ್ಧ. ತುಂಡುಗಳ ನಡುವೆ ಥರ್ಮಾಮೀಟರ್ ಚುಚ್ಚಿದಾಗ 13 ಡಿಗ್ರಿ ತೋರಿಸಿತು. ಚೀಲದಲ್ಲಿ ಐಸ್ ಜೆಲ್ ಇರಲಿಲ್ಲ. ಟ್ರೇ ತಳದಲ್ಲಿ ಕೆಂಪು ನೀರು ನಿಂತಿತ್ತು. ಬಸಿದು ತೂಗಿದರೆ ಉಳಿದದ್ದು 435 ಗ್ರಾಂ. ತಾಜಾ ಕೋಳಿಯೂ ಸ್ವಲ್ಪ ನೀರು ಬಿಡುತ್ತದೆ, ಆದರೆ ಅರ್ಧ ಕೆಜಿಗೆ 65 ಗ್ರಾಂ ಅಲ್ಲ. ನಿಧಾನವಾಗಿ ಹೆಪ್ಪುಗಟ್ಟಿದ ಮಾಂಸದಲ್ಲಿ ದೊಡ್ಡ ಐಸ್ ಹರಳುಗಳಾಗಿ ಜೀವಕೋಶಗಳು ಒಡೆಯುತ್ತವೆ, ಕರಗಿದಾಗ ಒಳಗಿನ ರಸ ಹೀಗೆ ಸೋರುತ್ತದೆ. ಲೆಗ್ ಪೀಸ್ ಬೆಂದ ಮೇಲೆ ಮೂಳೆಯ ಸುತ್ತ ಕಪ್ಪು ಬಣ್ಣವೂ ಕಾಣಿಸಿತು. ಎಳೆಯ ಬ್ರಾಯ್ಲರ್ ಕೋಳಿಯ ಮೂಳೆಯಲ್ಲಿ ಸಣ್ಣ ರಂಧ್ರಗಳಿರುತ್ತವೆ. ಫ್ರೀಜ್ ಆಗಿ ಕರಗಿದಾಗ ಮಜ್ಜೆಯ ಬಣ್ಣ ಅವುಗಳಿಂದ ಹೊರಬರುತ್ತದೆ. ಕಪ್ಪಾದ ಮೂಳೆಯಿಂದ ಆರೋಗ್ಯಕ್ಕೆ ತೊಂದರೆಯಿಲ್ಲ, ಆದರೆ ನಿಮ್ಮ ಲೇಬಲ್ ಹೇಳಿದ್ದು ನಿಜವಲ್ಲ ಎಂಬುದಕ್ಕೆ ಅದೂ ಒಂದು ಸಾಕ್ಷಿ.

ಇಂಥ ಕೋಳಿಯಲ್ಲಿ ಅಡುಗೆಯೂ ಕೆಡುತ್ತದೆ. ಉಪ್ಪು, ನಿಂಬೆರಸ ಹಚ್ಚಿಟ್ಟರೆ ಇನ್ನಷ್ಟು ನೀರು ಬಿಡುತ್ತದೆ. ಕಬಾಬಿನ ಕಾರ್ನ್‌ಫ್ಲೋರ್ ಹಿಟ್ಟು ಅಂಟದೆ ಎಣ್ಣೆಯಲ್ಲಿ ಕಳಚಿ ಹೋಗುತ್ತದೆ. ಸುಕ್ಕಾ ಮಾಡಲು ಹೋದರೆ ಮಸಾಲೆ ಹುರಿಯುವ ಬದಲು ಕುದಿಯುತ್ತದೆ, ಎದೆ ಭಾಗ ನಾರುನಾರಾಗುತ್ತದೆ.

ಹೆಚ್ಚು ಗಂಭೀರವಾದದ್ದು ಸುರಕ್ಷತೆ. ಫ್ರೀಜ್ ಮಾಡಿದರೆ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಬೆಳವಣಿಗೆ ನಿಲ್ಲುತ್ತದೆ ಅಷ್ಟೆ. ಮಾಂಸ ಕರಗಿ 5 ಡಿಗ್ರಿ ದಾಟಿದರೆ ಅವು ಮತ್ತೆ ಹೆಚ್ಚತೊಡಗುತ್ತವೆ. ‘ತಾಜಾ’ ಎಂಬ ಮಾತು ನಂಬಿದವರು ಅರ್ಧ ಇವತ್ತು ಮಾಡಿ, ಉಳಿದರ್ಧವನ್ನು ಫ್ರೀಜರ್‌ಗೆ ಹಾಕಿ ಮುಂದಿನ ವಾರ ಮಕ್ಕಳಿಗೆ ಬಡಿಸುತ್ತಾರೆ. 13 ಡಿಗ್ರಿಗೆ ಬಿಸಿಯಾಗಿ ಬಂದ ಮಾಂಸವನ್ನು ಹಾಗೆ ಎತ್ತಿಡುವುದು ಅಪಾಯ.

ವಾಸನೆಯ ಬಗ್ಗೆ ಕರೆ ಮಾಡಿದಾಗ ನಿಮ್ಮ ಸಿಬ್ಬಂದಿ, ‘ವ್ಯಾಕ್ಯೂಮ್ ಪ್ಯಾಕ್ ಸರ್, ಹಾಗೇ ಇರುತ್ತೆ’ ಎಂದರು. ಗಾಳಿಯಿಲ್ಲದ ಪ್ಯಾಕ್ ಬಿಚ್ಚಿದಾಗ ಮೊದಲು ಒಂದು ವಾಸನೆ ಬರುವುದು ನಿಜ, ಆದರೆ ತೆರೆದಿಟ್ಟರೆ ಕೆಲವೇ ನಿಮಿಷಗಳಲ್ಲಿ ಅದು ಹೋಗಬೇಕು. ಕರಿ ಕಟ್‌ನ ಹುಳಿ ವಾಸನೆ ಅರ್ಧ ಗಂಟೆಯಾದರೂ ಹೋಗಲಿಲ್ಲ, ತುಂಡುಗಳು ಕೈಗೆ ಲೋಳೆಯಾಗಿ ಹತ್ತುತ್ತಿದ್ದವು. ಅದು ಕೆಟ್ಟ ಮಾಂಸ. ಗ್ರಾಹಕರ ಕರೆ ತೆಗೆದುಕೊಳ್ಳುವವರಿಗೆ ಈ ವ್ಯತ್ಯಾಸವನ್ನಾದರೂ ಕಲಿಸಿ.

ಲೇಬಲ್ಲಿನ ಅಡುಗೆ ಸೂಚನೆಯೂ ತಪ್ಪು. ‘ನಲ್ಲಿ ನೀರಿನಲ್ಲಿ ಚೆನ್ನಾಗಿ ತೊಳೆದು, 10 ನಿಮಿಷ ಬೇಯಿಸಿ’ ಎಂದಿದೆ. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ತೊಳೆದರೆ ಸಿಡಿದ ನೀರು ಸಿಂಕ್, ತರಕಾರಿ, ಪಾತ್ರೆಗಳಿಗೆಲ್ಲ ತಾಗುತ್ತದೆ; ಟಿಶ್ಯೂನಿಂದ ಒತ್ತಿ ಒರೆಸಿದರೆ ಸಾಕು. ಮೂಳೆಯಿರುವ ದೊಡ್ಡ ತುಂಡುಗಳಿಗೆ ಮುಚ್ಚಳ ಮುಚ್ಚಿ ಮಧ್ಯಮ ಉರಿಯಲ್ಲಿ 20ರಿಂದ 25 ನಿಮಿಷ ಬೇಕು. ದಪ್ಪ ಭಾಗದ ಒಳಗೆ 75 ಡಿಗ್ರಿ ಮುಟ್ಟಬೇಕು.

ಎರಡೂ ಪ್ಯಾಕೆಟ್‌ಗಳ ಪೂರ್ತಿ ಹಣ ಹಿಂತಿರುಗಿಸಿ, ಕೂಪನ್ ಬೇಡ. ಆ ಬ್ಯಾಚಿನ ಕೋಳಿ ಕೊಯ್ದ ದಿನ, ಪ್ಯಾಕ್ ಮಾಡಿದ ದಿನ ಮತ್ತು ನಿಮ್ಮ ಕೋಲ್ಡ್ ಸ್ಟೋರೇಜಿನ ತಾಪಮಾನದ ದಾಖಲೆಯನ್ನು ಬರಹದಲ್ಲಿ ಕೊಡಿ. ಫ್ರೀಜ್ ಮಾಡಿ ಕರಗಿಸಿದ ಮಾಂಸ ಮಾರುವುದಾದರೆ ಮಾರಿ, ಆದರೆ ‘ಫ್ರೀಜ್ ಮಾಡಿ ಕರಗಿಸಿದ್ದು, ಮತ್ತೆ ಫ್ರೀಜ್ ಮಾಡಬೇಡಿ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಅಚ್ಚು ಹಾಕಿ. ಪ್ರತಿ ಚೀಲದಲ್ಲೂ ಐಸ್ ಜೆಲ್ ಇಡಿ.

ಬಿಲ್, ಲೇಬಲ್, ಥರ್ಮಾಮೀಟರ್ ಮತ್ತು ತೂಕದ ಫೋಟೊಗಳನ್ನು ಲಗತ್ತಿಸಿದ್ದೇನೆ. 15 ದಿನಗಳೊಳಗೆ ಬರಹದಲ್ಲಿ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಆಹಾರ ಸುರಕ್ಷತಾ ಅಧಿಕಾರಿಗೂ ದೂರು ಕೊಡುತ್ತೇನೆ. ತೂಕದ ಕೊರತೆಯನ್ನು ಕಾನೂನು ಮಾಪನಶಾಸ್ತ್ರ ಇಲಾಖೆಯ ಮುಂದಿಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ